ದೊಡ್ಡ ತೊಟ್ಟಿ, ಚಿಕ್ಕ ಬಜೆಟ್: ಫಿಲ್ಟರ್ ಆಯ್ಕೆಯ ಲೆಕ್ಕ

ಮೀನು ಸಾಕುವ ಹವ್ಯಾಸಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪವಿದು. ವೇದಿಕೆಯ ಮೇಲೆ ಬೇಗ ದಾಟಿಸಿದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.

ಸ್ನೇಹಿತರೆ, ದೊಡ್ಡ ತೊಟ್ಟಿಯೊಂದನ್ನು ಮನೆಗೆ ತಂದವರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ತೊಟ್ಟಿ ಇಷ್ಟು ಲೀಟರಿನದು, ಗಾಜಿಗೂ ಸ್ಟ್ಯಾಂಡಿಗೂ ಖರ್ಚಾಗಿ ಉಳಿದ ಹಣ ಇಷ್ಟು, ಇದರಲ್ಲಿ ಬರುವ ಒಳ್ಳೆಯ ಫಿಲ್ಟರ್ ಯಾವುದು? ನಾನು ಮರಳಿ ಕೇಳುವ ಪ್ರಶ್ನೆಯೂ ಒಂದೇ: ದಿನಕ್ಕೆ ಎಷ್ಟು ಗ್ರಾಂ ಆಹಾರ ಹಾಕಬೇಕೆಂದಿದ್ದೀರಿ? ಇದಕ್ಕೆ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ, ಏಕೆಂದರೆ ನಾವೆಲ್ಲ ಆಹಾರವನ್ನು ಚಿಟಿಕೆಯಲ್ಲಿ ಅಳೆಯುತ್ತೇವೆ, ಫಿಲ್ಟರನ್ನು ಲೀಟರಿನಲ್ಲಿ ಅಳೆಯುತ್ತೇವೆ. ಫಿಲ್ಟರಿನ ಮೇಲೆ ಬೀಳುವ ಹೊರೆಯನ್ನು ನಿರ್ಧರಿಸುವುದು ತೊಟ್ಟಿಗೆ ಬೀಳುವ ಆಹಾರ. 450 ಲೀಟರ್ ನೀರಿನಲ್ಲಿ 20 ಸಣ್ಣ ಟೆಟ್ರಾ ಮೀನುಗಳಿದ್ದರೆ ಗಾಳಿಯ ಗುಳ್ಳೆಗಳಿಂದ ಸ್ಪಂಜಿನ ಮೂಲಕ ನೀರೆಳೆಯುವ ಒಂದು ಸ್ಪಂಜು ಫಿಲ್ಟರ್ ಆರಾಮವಾಗಿ ಸಾಗಿಸುತ್ತದೆ. ಅದೇ ನೀರಿನಲ್ಲಿ ಚೆನ್ನಾಗಿ ಬೆಳೆದ, ದೊಡ್ಡ ಗಾತ್ರದ ಎರಡು ಮೂರು ಆಸ್ಕರ್ ಮೀನುಗಳಿದ್ದರೆ, ಪೆಟ್ಟಿಗೆಯ ಮೇಲೆ 500 ಲೀಟರಿಗೆ ಸಾಕು ಎಂದು ಅಚ್ಚಾದ ಫಿಲ್ಟರೂ ಸೋಲಬಹುದು. ಹಣ ಕಡಿಮೆ ಇರುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯವಾದ್ದರಿಂದ ಇಂದಿನ ಮಾತನ್ನು ಈ ಒಂದು ಎಳೆ ಹಿಡಿದೇ ಮುಂದುವರಿಸುತ್ತೇನೆ.

ಲೆಕ್ಕಕ್ಕೆ ಒಂದು ತೊಟ್ಟಿಯನ್ನು ಎದುರಿಗಿಟ್ಟುಕೊಳ್ಳೋಣ. ಉದ್ದ 150 ಸೆಂಟಿಮೀಟರ್, ಅಗಲ 60, ಎತ್ತರ 60. ಮೂರನ್ನೂ ಗುಣಿಸಿ 1,000ದಿಂದ ಭಾಗಿಸಿದರೆ 540 ಲೀಟರ್ ಬರುತ್ತದೆ. ಆದರೆ ಅಂಚಿನವರೆಗೆ ಯಾರೂ ನೀರು ತುಂಬುವುದಿಲ್ಲ; ಮರಳು, ಕಲ್ಲು, ಮರದ ಬೇರುಗಳೂ ಜಾಗ ತೆಗೆದುಕೊಳ್ಳುತ್ತವೆ. ನಿಜವಾದ ನೀರು ಸುಮಾರು 450 ಲೀಟರ್ ಎಂದಿಟ್ಟುಕೊಳ್ಳಬಹುದು. ಈ ತೊಟ್ಟಿಗೆ ದಿನಕ್ಕೆ 10 ಗ್ರಾಂ ಒಣ ಆಹಾರ ಬೀಳುತ್ತದೆ, ಆ ಆಹಾರದಲ್ಲಿ ಪ್ರೋಟೀನ್ ಶೇ. 40 ಇದೆ ಎಂದುಕೊಳ್ಳೋಣ. ಮಧ್ಯಮ ಗಾತ್ರದ ಮೀನುಗಳು ತಕ್ಕಮಟ್ಟಿಗೆ ತುಂಬಿರುವ ತೊಟ್ಟಿಗೆ ಇದು ಅತಿರೇಕದ ಅಂದಾಜಲ್ಲ.

ಮೀನು ತಿಂದ ಪ್ರೋಟೀನಿನಲ್ಲಿರುವ ಸಾರಜನಕದ ಒಂದು ಭಾಗ ಮೈಗೆ ಸೇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ನೇರ ನೀರಿಗೆ ಸೇರುತ್ತದೆ. ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುವುದು ನಿಜವಾದರೂ ಮುಖ್ಯ ದಾರಿ ಕಿವಿರೇ. ಆದ್ದರಿಂದ ತೊಟ್ಟಿಯ ತಳ ಎಷ್ಟೇ ಸ್ವಚ್ಛವಾಗಿ ಕಂಡರೂ, ನೀರು ಎಷ್ಟೇ ತಿಳಿಯಾಗಿದ್ದರೂ ಅಮೋನಿಯ ಇಲ್ಲವೆಂದು ಹೇಳಲಾಗದು. ಮೀನು ಸಾಕಣೆಯ ವಿನ್ಯಾಸಕಾರರು ಬಳಸುವ ಸರಳ ಸೂತ್ರವೊಂದಿದೆ: ಆಹಾರದ ತೂಕವನ್ನು ಪ್ರೋಟೀನಿನ ಪಾಲಿನಿಂದ ಗುಣಿಸಿ, ಬಂದದ್ದನ್ನು 0.092ರಿಂದ ಗುಣಿಸಿದರೆ ದಿನಕ್ಕೆ ಹುಟ್ಟುವ ಅಮೋನಿಯದಲ್ಲಿನ ಸಾರಜನಕದ ತೂಕ ಸಿಗುತ್ತದೆ. ನಮ್ಮ ತೊಟ್ಟಿಗೆ 10 ಗುಣಿಸು 0.4 ಗುಣಿಸು 0.092, ಅಂದರೆ ಸುಮಾರು 0.37 ಗ್ರಾಂ. 450 ಲೀಟರಿನಲ್ಲಿ ಅದನ್ನು ಹರಡಿದರೆ ಲೀಟರಿಗೆ 0.8 ಮಿಲಿಗ್ರಾಂ. ಫಿಲ್ಟರೇ ಇಲ್ಲದಿದ್ದರೆ ದಿನಕ್ಕೆ ಇಷ್ಟಿಷ್ಟೇ ಏರುತ್ತ ಹೋಗುತ್ತದೆ.

ಈ ಅಂಕಿ ಎಷ್ಟು ಅಪಾಯಕಾರಿ ಎಂಬುದು ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂದು ಹೇಳುವ ಪಿಎಚ್ ಮೇಲೆ ನಿಂತಿದೆ. ಅಮೋನಿಯ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಹೆಚ್ಚು ತೊಂದರೆ ಕೊಡದ ಅಮೋನಿಯಂ, ಮತ್ತು ಕಿವಿರನ್ನು ಸುಡುವ ಮುಕ್ತ ಅಮೋನಿಯ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಮುಕ್ತ ರೂಪದ ಪಾಲು ಶೇ. 0.6ರಷ್ಟು, ಪಿಎಚ್ 8ಕ್ಕೆ ಏರಿದರೆ ಅದೇ ಪಾಲು ಶೇ. 5 ದಾಟುತ್ತದೆ. ಪಿಎಚ್ ಸಾಮಾನ್ಯವಾಗಿ ಹೆಚ್ಚಿರುವ ಗಡಸು ನೀರಿನಲ್ಲಿ ಸಾಕುವವರು ಫಿಲ್ಟರಿನ ವಿಷಯದಲ್ಲಿ ಹೆಚ್ಚು ಧಾರಾಳವಾಗಿರಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಈ ಅಮೋನಿಯವನ್ನು ನೈಟ್ರೈಟ್ ಆಗಿ (ಅದೂ ಮೀನಿಗೆ ವಿಷವೇ), ನೈಟ್ರೈಟನ್ನು ಬಹಳ ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುವ ಸೂಕ್ಷ್ಮಜೀವಿಗಳ ಕೆಲಸವನ್ನು ರಷ್ಯದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 19ನೇ ಶತಮಾನದ ಕೊನೆಯಲ್ಲೇ ತೋರಿಸಿಕೊಟ್ಟಿದ್ದರು. ಆದರೆ ನಮ್ಮ ತೊಟ್ಟಿಗಳಲ್ಲಿ ಆ ಕೆಲಸ ಮಾಡುತ್ತಿರುವವರು ಯಾರು ಎಂಬ ತಿಳಿವಳಿಕೆ ಇತ್ತೀಚಿನದು. ನೈಟ್ರೈಟನ್ನು ತಿನ್ನುವುದು ನೈಟ್ರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಎಂದು ಬಹುಕಾಲ ನಂಬಿದ್ದರು; ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ನೈಟ್ರೊಸ್ಪೈರಾ ಜಾತಿಯದು ಎಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 2005ರಲ್ಲಿ ಸಿಯಾಟಲ್ ಅಕ್ವೇರಿಯಂನ ಸಮುದ್ರ ತೊಟ್ಟಿಯಿಂದ ಅಮೋನಿಯ ತಿನ್ನುವ ಆರ್ಕಿಯವೊಂದನ್ನು (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ವರ್ಗದ ಸೂಕ್ಷ್ಮಜೀವಿ) ಬೇರ್ಪಡಿಸಿದರು. 2015ರಲ್ಲಿ ಅಮೋನಿಯದಿಂದ ನೈಟ್ರೇಟ್‌ವರೆಗಿನ ಇಡೀ ಕೆಲಸವನ್ನು ಒಂದೇ ಜೀವಿ ಮುಗಿಸಬಲ್ಲದೆಂಬುದು ಹೊರಬಿತ್ತು. ಆ ಜೀವಿಗಳ ಒಂದು ಮೂಲ ಮೀನು ಸಾಕಣೆ ಘಟಕದ ಫಿಲ್ಟರೇ ಆಗಿತ್ತು. ಇದನ್ನೆಲ್ಲ ಹೇಳುವಾಗ ನನಗೆ ಇಂದಿಗೂ ಸಂತೋಷವಾಗುತ್ತದೆ, ನಮ್ಮ ಹವ್ಯಾಸದ ಲೋಳೆ ಹಿಡಿದ ಸ್ಪಂಜಿನಂಥ ವಸ್ತುವಿನಿಂದ ಜೀವವಿಜ್ಞಾನಕ್ಕೆ ಇಷ್ಟು ದೊಡ್ಡ ಸಂಗತಿಗಳು ಸಿಕ್ಕಿವೆ.

ಈ ಜೀವಿಗಳ ಬಗ್ಗೆ ಫಿಲ್ಟರ್ ಕೊಳ್ಳುವವರು ನೆನಪಿಡಬೇಕಾದ ಗುಣಗಳು ಮೂರು. ಅವು ನೀರಿನಲ್ಲಿ ತೇಲುವುದಕ್ಕಿಂತ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ಅವಕ್ಕೆ ಆಮ್ಲಜನಕ ಬಹಳ ಬೇಕು. ಒಂದು ಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.57 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಮೂರನೆಯದಾಗಿ ಅವು ಬಹಳ ನಿಧಾನ. ಕೆಲವು ಬ್ಯಾಕ್ಟೀರಿಯಾಗಳು ಅನುಕೂಲ ಸಿಕ್ಕರೆ 20 ನಿಮಿಷದಲ್ಲಿ ಇಮ್ಮಡಿಯಾಗುತ್ತವೆ. ಇವುಗಳಿಗೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಮೇಲ್ಮೈ, ಆಮ್ಲಜನಕ, ತಾಳ್ಮೆ, ಈ ಮೂರನ್ನು ಒದಗಿಸುವ ಯಾವ ಸಾಧನವೂ ಫಿಲ್ಟರೇ, ಅದಕ್ಕೆ ಅಂದವಾದ ಪೆಟ್ಟಿಗೆ ಇರಲಿ ಬಿಡಲಿ.

ಎಷ್ಟು ಮೇಲ್ಮೈ ಬೇಕು? ಒಂದು ಚದರ ಮೀಟರ್ ಮೇಲ್ಮೈ ದಿನಕ್ಕೆ 0.1 ಗ್ರಾಂ ಅಮೋನಿಯ ಸಾರಜನಕವನ್ನು ನಿಭಾಯಿಸುತ್ತದೆ ಎಂದು ಕೈ ಬಿಗಿಹಿಡಿದು ಅಂದಾಜು ಮಾಡೋಣ. ವಾಣಿಜ್ಯ ಘಟಕಗಳಲ್ಲಿ ಇದಕ್ಕಿಂತ ಹೆಚ್ಚಿನ ದರ ಸಿಗುತ್ತದೆ, ಆದರೆ ಅಲ್ಲಿ ನೀರಿನಲ್ಲಿ ಉಳಿಯುವ ಅಮೋನಿಯವೂ ನಾವು ಒಪ್ಪುವುದಕ್ಕಿಂತ ಹೆಚ್ಚು. ಈ ಅಂದಾಜಿನಂತೆ 0.37 ಗ್ರಾಂಗೆ ಸುಮಾರು 3.7 ಚದರ ಮೀಟರ್ ಸಾಕು. ರಂಧ್ರ ದೊಡ್ಡದಾಗಿರುವ ಫಿಲ್ಟರ್ ಫೋಮ್‌ನ ಒಂದು ಲೀಟರಿನಲ್ಲಿ ಅರ್ಧ ಚದರ ಮೀಟರ್ ಕೆಲಸಕ್ಕೆ ಬರುವ ಮೇಲ್ಮೈ ಇದೆಯೆಂದು ಹಿಡಿದರೆ ನಮಗೆ ಬೇಕಾದ ಫೋಮ್ ಏಳೂವರೆ ಲೀಟರ್. ಕೊಳೆ ಕಟ್ಟುವುದು, ನೀರು ಎಲ್ಲ ಭಾಗಕ್ಕೂ ಸಮನಾಗಿ ಹರಿಯದಿರುವುದು, ಮೀನುಗಳು ಬೆಳೆಯುವುದು, ಇವುಗಳಿಗಾಗಿ ಅದನ್ನು ಇಮ್ಮಡಿ ಮಾಡಿದರೂ 15 ಲೀಟರ್. ಒಂದು ಸಾಧಾರಣ ಬಕೆಟ್ಟಿನಷ್ಟು ಫೋಮ್! ದೊಡ್ಡ ತೊಟ್ಟಿಗೆ ಸಾಕಾಗುವ ಜೈವಿಕ ಫಿಲ್ಟರ್ ಎಂದರೆ ಇಷ್ಟೇ ಎಂದಾಗ ಸಭೆಯಲ್ಲಿ ಹಲವರಿಗೆ ನಂಬಿಕೆ ಬರಲಿಲ್ಲ. ಹಾಗಾಗಿ ಇನ್ನೊಂದು ಮಾತು ಸೇರಿಸಿದೆ: ಮಧ್ಯಮ ಗಾತ್ರದ ಹಲವು ಕ್ಯಾನಿಸ್ಟರ್ ಫಿಲ್ಟರುಗಳನ್ನು (ತೊಟ್ಟಿಯ ಹೊರಗಿಟ್ಟು ಪೈಪಿನಿಂದ ಜೋಡಿಸುವ ಮುಚ್ಚಿದ ಡಬ್ಬಿಗಳು) ಬಿಚ್ಚಿ ನೋಡಿದರೆ ಮೀಡಿಯಾ, ಅಂದರೆ ಜೀವಿಗಳು ಅಂಟಿಕೊಳ್ಳುವ ಫೋಮ್, ಉಂಗುರಗಳಂಥ ವಸ್ತು, ತುಂಬಲು ಸಿಗುವ ಜಾಗ ಐದಾರು ಲೀಟರಿನಷ್ಟೇ ಇರುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲೆ ಹುಡುಕಬೇಕಾದ ಮೊದಲ ಅಂಕಿ ಮೀಡಿಯಾ ಎಷ್ಟು ಲೀಟರ್ ಹಿಡಿಸುತ್ತದೆ ಎಂಬುದು. ಅದನ್ನು ಅಚ್ಚುಹಾಕಿರದಿದ್ದರೆ ಬುಟ್ಟಿಗಳ ಅಳತೆ ತೆಗೆದು ನೀವೇ ಲೆಕ್ಕ ಹಾಕಿಕೊಳ್ಳಿ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಬೇರೆಯೇ ಅಂಕಿ, ಗಂಟೆಗೆ ಇಷ್ಟು ಲೀಟರ್ ಎಂಬ ಹರಿವು. ಸಾಮಾನ್ಯವಾಗಿ ಇದು ಒಳಗೆ ಮೀಡಿಯಾ ಇಲ್ಲದೆ, ನೀರನ್ನು ಮೇಲಕ್ಕೆತ್ತುವ ಶ್ರಮವಿಲ್ಲದೆ ಪಂಪು ಕೊಡುವ ಹರಿವು. ಮೀಡಿಯಾ ತುಂಬಿ, ಪೈಪು ಜೋಡಿಸಿ, ಒಂದು ತಿಂಗಳ ಕೊಳೆ ಸೇರಿದ ಮೇಲೆ ಅದು ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅಳೆಯುವುದು ಸುಲಭ. ನೀರು ತೊಟ್ಟಿಗೆ ಮರಳುವ ಪೈಪನ್ನು ಅದೇ ಎತ್ತರದಲ್ಲಿ ಹಿಡಿದು 10 ಲೀಟರಿನ ಬಕೆಟ್ಟಿಗೆ ಬಿಡಿ, ಗಡಿಯಾರ ನೋಡಿ. 30 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1,200 ಲೀಟರ್. ಒಂದು ನಿಮಿಷ ಹಿಡಿದರೆ 600. ಪ್ರತಿ ಎರಡು ತಿಂಗಳಿಗೊಮ್ಮೆ ಹೀಗೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಫಿಲ್ಟರ್ ಯಾವಾಗ ಕಟ್ಟಿಕೊಳ್ಳುತ್ತಿದೆ ಎಂದು ಕಣ್ಣಿಗೆ ಕಾಣುವ ಮುಂಚೆಯೇ ತಿಳಿಯುತ್ತದೆ.

ಹರಿವು ಎಷ್ಟಿರಬೇಕೆಂಬ ಬಗ್ಗೆ ಗಂಟೆಗೆ ತೊಟ್ಟಿಯ ನೀರಿನ ನಾಲ್ಕರಿಂದ ಆರು ಪಟ್ಟು ಎಂಬ ವಾಡಿಕೆಯ ಮಾತಿದೆ. ಅದು ಸುರಕ್ಷಿತ ಮಾತೇ ಹೊರತು ನಿಯಮವಲ್ಲ. ನೀರು ಚೆನ್ನಾಗಿ ಬೆರೆಯುವ ತೊಟ್ಟಿಯಲ್ಲಿ, ತೊಟ್ಟಿಯಷ್ಟೇ ನೀರು ಫಿಲ್ಟರಿನ ಮೂಲಕ ಒಮ್ಮೆ ಹಾದಾಗ ನಿಜವಾಗಿ ಒಳಹೊಕ್ಕು ಬಂದಿರುವುದು ಶೇ. 63ರಷ್ಟು ನೀರು ಮಾತ್ರ, ಏಕೆಂದರೆ ಶುದ್ಧವಾಗಿ ಬಂದ ನೀರೂ ಮತ್ತೆ ಮತ್ತೆ ಒಳಗೆ ಹೋಗುತ್ತಿರುತ್ತದೆ. ಎರಡು ಪಟ್ಟಿಗೆ ಶೇ. 86, ಮೂರು ಪಟ್ಟಿಗೆ ಶೇ. 95. ಅಮೋನಿಯದ ಮಟ್ಟಿಗೆ ಗಂಟೆಗೆ ಎರಡು ಮೂರು ಪಟ್ಟು ನಿಜವಾದ ಹರಿವು ಸಾಕಷ್ಟಾಯಿತು. ಅದಕ್ಕಿಂತ ಹೆಚ್ಚಿನದು ಬೇಕಾಗುವುದು ಕೊಳೆಯನ್ನು ಮೂಲೆಯಿಂದ ಎಬ್ಬಿಸಿ ಫಿಲ್ಟರಿನ ಬಾಯಿಗೆ ತಲುಪಿಸಲು. ಆ ಕೆಲಸವನ್ನು ಕಡಿಮೆ ವಿದ್ಯುತ್ ಬಳಸುವ ಸಣ್ಣ ಪವರ್‌ಹೆಡ್ (ನೀರೊಳಗಿಟ್ಟು ಹರಿವು ಹುಟ್ಟಿಸುವ ಪಂಪು), ದೊಡ್ಡ ಫಿಲ್ಟರೊಂದಕ್ಕಿಂತ ಚೆನ್ನಾಗಿ ಮಾಡುತ್ತದೆ.

ಇನ್ನು ಕೊಳೆಯ ಮಾತು. ಫಿಲ್ಟರ್ ಕೊಳೆಯನ್ನು ತೆಗೆಯುತ್ತದೆ ಎಂದು ನಾವು ಹೇಳುತ್ತೇವೆ, ಆದರೆ ಅದು ಕೊಳೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ ಅಷ್ಟೆ. ಸ್ಪಂಜಿನಲ್ಲಿ ಸಿಕ್ಕಿಕೊಂಡ ಮಲ ನಮ್ಮ ಕಣ್ಣಿಗೆ ಮರೆಯಾಗಿದೆ. ಅದರ ಮೂಲಕ ಹರಿಯುವ ನೀರಿಗೆ ಮರೆಯಾಗಿಲ್ಲ. ಅಲ್ಲೇ ಕೊಳೆಯುತ್ತದೆ, ಅಲ್ಲೇ ಆಮ್ಲಜನಕ ಹೀರುತ್ತದೆ. ನಾನು ಪ್ರತಿ ಎರಡು ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆದ ನೀರನ್ನು ಅರ್ಧ ಬಕೆಟ್ ಹಿಡಿದು ಸ್ಪಂಜನ್ನು ಅದರಲ್ಲಿ ಮುಳುಗಿಸಿ ಹಿಂಡುತ್ತೇನೆ. ಮೊದಲ ಹಿಂಡಿಗೆ ದಪ್ಪನೆಯ ಕಂದು ಮೋಡವೊಂದು ಹೊರಬರುತ್ತದೆ, ಎರಡನೆಯದಕ್ಕೆ ಬಕೆಟ್ಟಿನ ತಳ ಕಾಣದಾಗುತ್ತದೆ, ಐದಾರನೆಯದಕ್ಕೆ ಬಣ್ಣ ತಿಳಿಯಾಗುತ್ತ ಬರುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ. ಒಳ್ಳೆಯ ಸ್ಥಿತಿಯಲ್ಲಿರುವ ಸ್ಪಂಜಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಆಮ್ಲಜನಕ ತಲುಪುತ್ತಿಲ್ಲ ಎಂದರ್ಥ. ನಲ್ಲಿಯ ಕೆಳಗೆ ತೊಳೆಯಬೇಡಿ, ಅದರಲ್ಲಿನ ಕ್ಲೋರಿನ್ ಅಥವಾ ಕ್ಲೋರಮೈನ್ ನಾವು ವಾರಗಟ್ಟಲೆ ಕಾದು ಬೆಳೆಸಿದ ಜೀವಿಗಳನ್ನೇ ಕೊಲ್ಲುತ್ತದೆ.

ಇದರಿಂದ ಬಜೆಟ್ಟಿಗೆ ನೇರವಾಗಿ ಸಂಬಂಧಿಸಿದ ಒಂದು ತೀರ್ಮಾನಕ್ಕೆ ನಾನು ಬಂದಿದ್ದೇನೆ. ತೊಳೆಯಲು ಸುಲಭವಾದ ಅಗ್ಗದ ಫಿಲ್ಟರ್, ತೊಳೆಯಲು ಕಷ್ಟವಾದ ದುಬಾರಿ ಫಿಲ್ಟರಿಗಿಂತ ಮೇಲು. ಕೊಳಾಯಿ ಬಿಚ್ಚಿ, ಕ್ಲಿಪ್ಪು ತೆಗೆದು, ಭಾರವಾದ ಡಬ್ಬಿಯನ್ನು ಬಚ್ಚಲಿಗೆ ಹೊತ್ತೊಯ್ಯಬೇಕಾದ ಕೆಲಸವನ್ನು ಯಾರೇ ಆದರೂ ಮುಂದೂಡುತ್ತಾರೆ. ಒಂದು ತಿಂಗಳು ಮೂರು ತಿಂಗಳಾಗುತ್ತದೆ. ಆಗ ಎಷ್ಟೇ ಒಳ್ಳೆಯ ಯಂತ್ರವಾದರೂ ಮಲದ ಡಬ್ಬಿಯಾಗುತ್ತದೆ.

ನನ್ನದೇ ಒಂದು ನಷ್ಟವನ್ನು ಇಲ್ಲಿ ಹೇಳಬೇಕು. ಮೊದಲ ದೊಡ್ಡ ತೊಟ್ಟಿಗೆ ಉಳಿತಾಯವನ್ನೆಲ್ಲ ಸೇರಿಸಿ ಒಂದೇ ಒಂದು ದೊಡ್ಡ ಕ್ಯಾನಿಸ್ಟರ್ ತಂದಿದ್ದೆ. ಯಂತ್ರದಲ್ಲಿ ದೋಷವಿರಲಿಲ್ಲ. ಒಂದು ರಾತ್ರಿ ಹತ್ತು ಗಂಟೆಗೆ ಹೋದ ವಿದ್ಯುತ್ ಬೆಳಗಿನ ಜಾವ ಬಂತು. ಫಿಲ್ಟರ್ ತಾನಾಗಿಯೇ ಚಾಲೂ ಆಯಿತು. ನಾನು ಎದ್ದು ನೋಡುವಷ್ಟರಲ್ಲಿ ಮೀನುಗಳೆಲ್ಲ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು, ಮರಳುವ ಪೈಪಿನಿಂದ ಬೂದುಬಣ್ಣದ ನೀರು ಬರುತ್ತಿತ್ತು, ಕೋಣೆಯಲ್ಲಿ ಚರಂಡಿಯ ವಾಸನೆಯಿತ್ತು. ಮುಚ್ಚಿದ ಡಬ್ಬಿಯೊಳಗೆ ಸಿಕ್ಕಿಬಿದ್ದ ನೀರಿನಲ್ಲಿದ್ದ ಆಮ್ಲಜನಕ ಕೆಲವೇ ಗಂಟೆಯಲ್ಲಿ ಮುಗಿದು, ಒಳಗಿನ ಜೀವಿಗಳು ಸತ್ತು, ಕೊಳೆತ ನೀರು ಒಮ್ಮೆಲೇ ತೊಟ್ಟಿಗೆ ಸುರಿದಿತ್ತು. ಅಂದು ಏಳು ಮೀನುಗಳು ಹೋದವು. ಅವುಗಳಲ್ಲಿ ಎರಡನ್ನು ನಾನು ಮರಿಯಿಂದ ಸಾಕಿದ್ದೆ. ತಪ್ಪು ಒಂದೇ ಫಿಲ್ಟರನ್ನು ನಂಬಿದ ನನ್ನ ಆಯ್ಕೆಯದು. ಅಂದಿನಿಂದ ನನ್ನ ಯಾವ ತೊಟ್ಟಿಯಲ್ಲೂ ಒಂದೇ ಫಿಲ್ಟರ್ ಇಲ್ಲ. ಹಣ ಒಂದಕ್ಕೆ ಮಾತ್ರ ಸಾಕಾಗುವಂತಿದ್ದರೆ ಅದೇ ಹಣದಲ್ಲಿ ಚಿಕ್ಕ ಎರಡನ್ನು ತನ್ನಿ, ಅವುಗಳಲ್ಲಿ ಒಂದಾದರೂ ಗಾಳಿಯಿಂದ ನಡೆಯುವುದಾಗಿರಲಿ. ಬ್ಯಾಟರಿಯ ಏರ್ ಪಂಪೊಂದನ್ನು ಅದಕ್ಕೆ ಜೋಡಿಸಿದರೆ ವಿದ್ಯುತ್ ಹೋದಾಗಲೂ ಅದು ಉಸಿರಾಡುತ್ತಿರುತ್ತದೆ. ಹಲವು ಗಂಟೆ ನಿಂತ ಕ್ಯಾನಿಸ್ಟರನ್ನು ಮತ್ತೆ ಚಾಲೂ ಮಾಡುವ ಮೊದಲು ಅದರೊಳಗಿನ ನೀರನ್ನು ಹೊರಗೆ ಚೆಲ್ಲಿ, ಮೀಡಿಯಾವನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆಯಿರಿ.

ಈಗ ಬಗೆಗಳನ್ನು ಒಂದೊಂದಾಗಿ ನೋಡೋಣ. ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವುದಿಲ್ಲ. ಕಡಿಮೆ ಹಣದಲ್ಲಿ ದೊಡ್ಡ ತೊಟ್ಟಿ ನಡೆಸುವವರಿಗೆ ನಾನು ಮೊದಲು ಹೇಳುವುದು ಹ್ಯಾಂಬರ್ಗ್ ಮ್ಯಾಟನ್‌ಫಿಲ್ಟರ್ ಎಂಬ ವ್ಯವಸ್ಥೆ. ಹೆಸರು ದೊಡ್ಡದು, ವಸ್ತು ಸರಳ: ತೊಟ್ಟಿಯ ಒಂದು ತುದಿಯಲ್ಲಿ ಅಡ್ಡಲಾಗಿ ನಿಲ್ಲಿಸಿದ ಫೋಮ್ ಹಾಳೆ. ಹಾಳೆಯ ಹಿಂದೆ ಕೆಲವು ಸೆಂಟಿಮೀಟರ್ ಜಾಗ ಬಿಟ್ಟು, ಅಲ್ಲಿಂದ ಸಣ್ಣ ಪಂಪು ಅಥವಾ ಗಾಳಿಯಿಂದ ನೀರೆತ್ತುವ ಕೊಳವೆ ನೀರನ್ನು ಮತ್ತೆ ಮುಂಭಾಗಕ್ಕೆ ಕಳುಹಿಸುತ್ತದೆ. ಆ ಜಾಗವನ್ನು ತುಂಬಲು ಮುಂದಿನ ನೀರು ಹಾಳೆಯ ಮೂಲಕ ನಿಧಾನವಾಗಿ ಹರಿದು ಬರುತ್ತದೆ. ನೀರು ನಿಮಿಷಕ್ಕೆ 5ರಿಂದ 10 ಸೆಂಟಿಮೀಟರ್ ವೇಗದಲ್ಲಿ ಫೋಮ್ ದಾಟಬೇಕು ಎಂಬುದು ಇದರ ಜೀವಾಳ. ನಮ್ಮ ತೊಟ್ಟಿಯಲ್ಲಿ ಹಾಳೆಯ ಅಗಲ 60, ನೀರಿನ ಎತ್ತರ 50 ಎಂದರೆ 3,000 ಚದರ ಸೆಂಟಿಮೀಟರ್. ನಿಮಿಷಕ್ಕೆ ಏಳೂವರೆ ಸೆಂಟಿಮೀಟರ್ ಎಂದರೆ ನಿಮಿಷಕ್ಕೆ ಇಪ್ಪತ್ತೆರಡೂವರೆ ಲೀಟರ್, ಗಂಟೆಗೆ 1,350 ಲೀಟರ್. 450 ಲೀಟರಿಗೆ ಇದು ಸರಿಯಾಗಿ ಮೂರು ಪಟ್ಟು! ಹಾಳೆಯ ದಪ್ಪ 8 ಸೆಂಟಿಮೀಟರ್ ಇದ್ದರೆ ಫೋಮ್‌ನ ಒಟ್ಟು ಗಾತ್ರ 24 ಲೀಟರ್, ಅಂದರೆ ನಾವು ಆಗಲೇ ಇಮ್ಮಡಿ ಮಾಡಿ ಬರೆದುಕೊಂಡ 15 ಲೀಟರಿಗಿಂತ ಹೆಚ್ಚು. ಹರಿವು ನಿಧಾನವಾದ್ದರಿಂದ ತಿಂಗಳುಗಟ್ಟಲೆ ಅದನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ. ಮುಂಭಾಗದಲ್ಲಿ ಕೂತ ಕೊಳೆಯನ್ನು ನೀರು ಬದಲಿಸುವಾಗ ಪೈಪಿನಿಂದ ಎಳೆದುಕೊಂಡರೆ ಸಾಕು. ಮರಿಗಳು ಪಂಪಿಗೆ ಸಿಕ್ಕಿ ಸಾಯುವುದಿಲ್ಲ.

ಅದರ ಕೊರತೆಗಳನ್ನೂ ಹೇಳಬೇಕು. ತೊಟ್ಟಿಯ ಒಳಗಿನ ಜಾಗ ಹೋಗುತ್ತದೆ. ಕಪ್ಪು ಹಾಳೆಯೊಂದು ಸದಾ ಕಾಣುತ್ತಿರುತ್ತದೆ, ಪಾಚಿ ಮತ್ತು ಜಾವಾ ಮಾಸ್ ಹಬ್ಬುವವರೆಗೆ ಅದು ಚೆನ್ನಾಗಿ ಕಾಣುವುದಿಲ್ಲ. ಫೋಮನ್ನು ಕಿತ್ತು ತಿನ್ನುವ ದೊಡ್ಡ ಮೀನುಗಳಿಗೆ ಇದು ಆಗುವುದಿಲ್ಲ. ಮುಖ್ಯವಾಗಿ ಫೋಮ್ ಆರಿಸುವಾಗ ಹುಷಾರಾಗಿರಬೇಕು. ಹಾಸಿಗೆಗೆ, ಕುರ್ಚಿಗೆ ಬಳಸುವ ಫೋಮ್‌ನಲ್ಲಿ ನೀರು ಸರಾಗವಾಗಿ ಹರಿಯುವುದಿಲ್ಲ, ಬೆಂಕಿ ತಡೆಯುವ ರಾಸಾಯನಿಕಗಳೂ ಇರಬಹುದು. ಫಿಲ್ಟರಿಗೆಂದೇ ಮಾಡಿದ, ಬಾಯಿಟ್ಟು ಊದಿದರೆ ಉಸಿರು ಆಚೆಗೆ ಸಲೀಸಾಗಿ ದಾಟುವ ಫೋಮನ್ನೇ ತನ್ನಿ. ಈ ಒಂದು ಖರ್ಚಿನಲ್ಲಿ ಮಿಗಿಸಲು ಹೋಗಬೇಡಿ.

ಸ್ಪಂಜು ಫಿಲ್ಟರ್ ಇದರ ಚಿಕ್ಕ ಬಂಧು. ದೊಡ್ಡ ಗಾತ್ರದ ಮೂರು ನಾಲ್ಕು ಸ್ಪಂಜುಗಳನ್ನು ಒಂದೇ ಏರ್ ಪಂಪಿಗೆ ಹಂಚಿದರೆ ಮಧ್ಯಮ ಹೊರೆಯ ತೊಟ್ಟಿಯನ್ನು ಅವು ಒಳ್ಳೆಯದಾಗಿ ನೋಡಿಕೊಳ್ಳುತ್ತವೆ. ಪಂಪು ಆರಿಸುವಾಗ ಆಳವನ್ನು ಗಮನಿಸಬೇಕು. ಚಿಕ್ಕ ತೊಟ್ಟಿಯಲ್ಲಿ ಜೋರಾಗಿ ಗುಳ್ಳೆ ಬಿಡುವ ಅಗ್ಗದ ಪಂಪು 50 ಸೆಂಟಿಮೀಟರ್ ಆಳದಲ್ಲಿ ಬಸವಳಿದು ಹೋಗಬಹುದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವಾದರೆ ಕೊಳವೆಯಲ್ಲಿ ಚೆಕ್ ವಾಲ್ವ್ ಹಾಕಿ. ವಿದ್ಯುತ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿಗೂ ಅಲ್ಲಿಂದ ಪ್ಲಗ್ಗಿಗೂ ಇಳಿಯುವುದು ಮೀನಿಗಿಂತ ಮನುಷ್ಯರಿಗೆ ಅಪಾಯ.

ಮೀನಿನ ಹೊರೆ ನಿಜವಾಗಿಯೂ ದೊಡ್ಡದಾಗಿದ್ದರೆ, ಗೋಲ್ಡ್‌ಫಿಶ್ ಗುಂಪು ಅಥವಾ ದೊಡ್ಡ ಸಿಕ್ಲಿಡ್‌ಗಳಿದ್ದರೆ, ಸಂಪ್ ಕಟ್ಟಿಕೊಳ್ಳುವುದು ಒಳ್ಳೆಯದು. ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ. ಮೇಲಿನಿಂದ ಉಕ್ಕಿ ಬಂದ ನೀರು ಅಲ್ಲಿ ಮೀಡಿಯಾ ದಾಟಿ ಪಂಪಿನಿಂದ ಮೇಲೆ ಹೋಗುತ್ತದೆ. ಬಳಸಿಬಿಟ್ಟ ಹಳೆಯ ಗಾಜಿನ ತೊಟ್ಟಿಯೋ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೋ ಆದರೂ ನಡೆಯುತ್ತದೆ. ಆದರೆ ಒಂದು ಲೆಕ್ಕವನ್ನು ಮರೆತರೆ ನೆಲವೆಲ್ಲ ನೀರು. ಪಂಪು ನಿಂತಾಗ ಮೇಲಿನ ತೊಟ್ಟಿಯ ನೀರು ಉಕ್ಕುವ ಅಂಚಿನವರೆಗೂ ಕೆಳಗಿಳಿಯುತ್ತದೆ. 150 ಗುಣಿಸು 60 ಸೆಂಟಿಮೀಟರ್ ಮೇಲ್ಮೈಯಲ್ಲಿ ಬರೀ 3 ಸೆಂಟಿಮೀಟರ್ ಇಳಿದರೂ 27 ಲೀಟರ್. ಅಷ್ಟನ್ನೂ ಪೈಪುಗಳಲ್ಲಿನ ನೀರನ್ನೂ ಹಿಡಿಯುವಷ್ಟು ಖಾಲಿ ಜಾಗ ಸಂಪಿನಲ್ಲಿ ಸದಾ ಇರಬೇಕು. ನೀರು ಮೇಲೆ ಮರಳುವ ಪೈಪಿನಲ್ಲಿ ನೀರಿನ ಮಟ್ಟಕ್ಕೆ ಸಮೀಪ ಒಂದು ಸಣ್ಣ ರಂಧ್ರ ಕೊರೆದರೆ ಗಾಳಿ ಹೊಕ್ಕು ಹಿಮ್ಮುಖ ಹರಿವು ನಿಲ್ಲುತ್ತದೆ. ಆ ರಂಧ್ರಕ್ಕೆ ಪಾಚಿ ಕಟ್ಟದಂತೆ ನೋಡಿಕೊಳ್ಳಿ. ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜಿಗೆ ರಂಧ್ರ ಕೊರೆಯಲಾಗದು, ಇಡೀ ಹಾಳೆ ಚೂರಾಗುತ್ತದೆ. ಕೊರೆಸುವ ಮುನ್ನ ಯಾವ ಗಾಜೆಂದು ಖಚಿತಪಡಿಸಿಕೊಳ್ಳಿ.

ಕ್ಯಾನಿಸ್ಟರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಂದಕ್ಕೆ, ನಿಶ್ಶಬ್ದಕ್ಕೆ, ಗಿಡ ಬೆಳೆಸಿದ ತೊಟ್ಟಿಗೆ ಅದು ಚೆನ್ನ. ಅದರ ನೀರು ಒಳಹೊಗುವ ಬಾಯಿಗೆ ಒಂದು ಸ್ಪಂಜು ತೊಡಿಸಿ ಅದನ್ನು ವಾರಕ್ಕೊಮ್ಮೆ ಹಿಂಡಿದರೆ ಡಬ್ಬಿಯನ್ನು ಬಿಚ್ಚುವ ಕೆಲಸ ಬಹಳ ಕಡಿಮೆಯಾಗುತ್ತದೆ. ಅಂಚಿಗೆ ತೂಗುಹಾಕುವ ಫಿಲ್ಟರುಗಳು ಈ ಗಾತ್ರದ ತೊಟ್ಟಿಗೆ ಎರಡನೆಯ ಫಿಲ್ಟರಾಗಿ ಮಾತ್ರ ಸರಿ. ಜಲ್ಲಿಯಡಿಯ ಫಿಲ್ಟರ್ ಕೆಲಸ ಮಾಡುತ್ತದಾದರೂ ದೊಡ್ಡ ತೊಟ್ಟಿಯಲ್ಲಿ ಅದರಡಿಯ ಕೊಳೆ ತೆಗೆಯಲು ಎಲ್ಲವನ್ನೂ ಕಿತ್ತು ಹಾಕಬೇಕಾಗುತ್ತದೆ, ಹೊಸಬರಿಗೆ ನಾನು ಹೇಳುವುದಿಲ್ಲ.

ಸಭೆಯಲ್ಲಿ ಹಿರಿಯರೊಬ್ಬರು ಎದ್ದು, ಕಂಪನಿಯ ಪಿಂಗಾಣಿ ಉಂಗುರಗಳನ್ನೇ ಹಾಕಬೇಕೇ ಎಂದು ಕೇಳಿದರು. ಬೇಕಿಲ್ಲ ಎಂದೆ. ಅವುಗಳ ಸೂಕ್ಷ್ಮ ರಂಧ್ರಗಳ ಲೆಕ್ಕದಿಂದ ಬರುವ ಭಾರಿ ಮೇಲ್ಮೈ ಕಾಗದದ ಮೇಲೆ ಇರುತ್ತದೆ. ಲೋಳೆ ಕಟ್ಟಿದ ಮೇಲೆ ಒಳಗಿನ ರಂಧ್ರಗಳಿಗೆ ಆಮ್ಲಜನಕ ತಲುಪುವುದು ಕಷ್ಟ, ಕೆಲಸ ನಡೆಯುವುದು ಹೆಚ್ಚಾಗಿ ಹೊರಮೈಯಲ್ಲೇ. ಫೋಮ್, ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್, ಲಾವಾ ಕಲ್ಲು, ಇವು ಸಾಕು. ಸ್ಕ್ರಬ್ಬರಿನಲ್ಲಿ ಸೋಪು ಸವರಿರದಂತೆ, ಲೋಹದ ಎಳೆ ಸೇರಿರದಂತೆ ನೋಡಿಕೊಳ್ಳಬೇಕು. ಆಕ್ಟಿವೇಟೆಡ್ ಕಾರ್ಬನ್ ಔಷಧಿಯ ಉಳಿಕೆಯನ್ನೂ ಮರದಿಂದ ಬರುವ ಹಳದಿ ಬಣ್ಣವನ್ನೂ ತೆಗೆಯಲು ಉಪಯುಕ್ತ. ಅದು ಸದಾ ಇರಬೇಕಾದ ವಸ್ತುವಲ್ಲ, ತಿಂಗಳು ತಿಂಗಳು ಬದಲಿಸುವ ಖರ್ಚನ್ನು ಉಳಿಸಿಕೊಳ್ಳಿ.

ವಿದ್ಯುತ್ ಖರ್ಚನ್ನು ಕೊಳ್ಳುವ ದಿನವೇ ಸೇರಿಸಿ ನೋಡಬೇಕು, ಏಕೆಂದರೆ ಫಿಲ್ಟರ್ ಒಂದು ಕ್ಷಣವೂ ನಿಲ್ಲದ ಯಂತ್ರ. 10 ವಾಟ್ ಪಂಪು ವರ್ಷಕ್ಕೆ ಸುಮಾರು 88 ಯೂನಿಟ್ ತೆಗೆದುಕೊಂಡರೆ 40 ವಾಟ್ ಪಂಪು 350 ಯೂನಿಟ್. ಐದು ವರ್ಷದಲ್ಲಿ ಈ ಅಂತರ 1,300 ಯೂನಿಟ್ ದಾಟುತ್ತದೆ. ಅಗ್ಗದ ಪಂಪು ಹೆಚ್ಚು ವಾಟ್‌ನದಾಗಿದ್ದರೆ ಅದು ಅಗ್ಗವೇ ಎಂದು ನಿಮ್ಮ ಊರಿನ ದರದಲ್ಲಿ ಗುಣಿಸಿ ನೋಡಿ.

ಯಾವ ಫಿಲ್ಟರ್ ತಂದರೂ ಅದು ನೈಟ್ರೇಟಿನ ಮುಂದೆ ಕೈಚೆಲ್ಲುತ್ತದೆ, ಅದು ನೀರಿನಲ್ಲೇ ಉಳಿದು ಸೇರುತ್ತ ಹೋಗುತ್ತದೆ. ನಮ್ಮ 10 ಗ್ರಾಂ ಆಹಾರದಿಂದ ದಿನಕ್ಕೆ ಲೀಟರಿಗೆ ಸುಮಾರು 3.6 ಮಿಲಿಗ್ರಾಂ, ವಾರಕ್ಕೆ 25 ಮಿಲಿಗ್ರಾಂ ನೈಟ್ರೇಟ್ ಸೇರುತ್ತದೆ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸುತ್ತಿದ್ದರೆ ಅದು ಬದಲಾವಣೆಯ ಹಿಂದಿನ ದಿನ 50ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಶೇ. 30ರಷ್ಟೇ ಬದಲಿಸಿದರೆ 80 ದಾಟುತ್ತದೆ. ನೈಟ್ರಿಫಿಕೇಶನ್, ಅಂದರೆ ಅಮೋನಿಯವನ್ನು ನೈಟ್ರೇಟ್ ಮಾಡುವ ಈ ಕೆಲಸ, ನೀರಿನ ಕ್ಷಾರೀಯತೆಯನ್ನೂ (ಪಿಎಚ್ ಕುಸಿಯದಂತೆ ತಡೆಯುವ ಶಕ್ತಿಯನ್ನು) ತಿನ್ನುತ್ತದೆ: ನಮ್ಮ ಲೆಕ್ಕಕ್ಕೆ ವಾರಕ್ಕೆ ಲೀಟರಿಗೆ ಸುಮಾರು 40 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದಷ್ಟು. ಮೆದು ನೀರಿನಲ್ಲಿ ಅದು ಮುಗಿದಾಗ ಪಿಎಚ್ ಕುಸಿದು ಫಿಲ್ಟರೇ ನಿಂತುಬಿಡುತ್ತದೆ. ಎರಡಕ್ಕೂ ಮದ್ದು ಹೊಸ ನೀರು. ನಲ್ಲಿಯಿಂದ ತೊಟ್ಟಿಗೆ ಮುಟ್ಟುವ ಉದ್ದನೆಯ ಪೈಪನ್ನೂ ಕ್ಲೋರಿನ್ ತೆಗೆಯುವ ದ್ರಾವಣವನ್ನೂ ಫಿಲ್ಟರ್ ಬಜೆಟ್ಟಿನೊಳಗೇ ಸೇರಿಸಿಕೊಳ್ಳಿ. ಬೇರನ್ನು ಮಾತ್ರ ನೀರಿಗಿಳಿಸಿದ ಮನಿ ಪ್ಲಾಂಟ್ ಬಳ್ಳಿಗಳೂ ಸ್ವಲ್ಪ ಹೊರೆ ಇಳಿಸುತ್ತವೆ.

ಕೊನೆಯಲ್ಲಿ ಯುವತಿಯೊಬ್ಬರು ಕೇಳಿದ ಪ್ರಶ್ನೆ ಬಹುಮಂದಿಯದಾಗಿತ್ತು: ತೊಟ್ಟಿ ಆಗಲೇ ನಡೆಯುತ್ತಿದೆ, ಚಿಕ್ಕ ಫಿಲ್ಟರ್ ಇದೆ, ಸಾಕಾಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ, ಸಾಕಾಗದಿದ್ದರೆ ಬದಲಿಸುವುದು ಹೇಗೆ? ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಕಿಟ್ ತನ್ನಿ. ಹೊಟ್ಟೆ ತುಂಬ ಆಹಾರ ಕೊಟ್ಟು ಮೂರು ಗಂಟೆಯ ನಂತರ ಅಮೋನಿಯ ಮತ್ತು ನೈಟ್ರೈಟ್ ಎರಡನ್ನೂ ಅಳೆಯಿರಿ. ಎರಡೂ ಸೊನ್ನೆ ಬಂದರೆ, ವಾರದ ಬೇರೆ ಬೇರೆ ದಿನಗಳಲ್ಲೂ ಹಾಗೇ ಬಂದರೆ, ನಿಮ್ಮ ಫಿಲ್ಟರ್ ಸಾಕು, ಹಣ ಖರ್ಚು ಮಾಡಬೇಡಿ. ಬಣ್ಣ ಏರಿದರೆ ಹಳೆಯದನ್ನು ತೆಗೆಯದೆ ಹೊಸದನ್ನು ಪಕ್ಕದಲ್ಲೇ ಜೋಡಿಸಿ. ಹಳೆಯ ಸ್ಪಂಜನ್ನು ಹೊಸ ಫೋಮ್‌ನ ಮೇಲೆ ನಾಲ್ಕೈದು ಸಲ ಹಿಂಡಿ, ಆ ಕಂದು ನೀರು ಒಳಗೆ ಹೀರಿಕೊಳ್ಳಲಿ. ಎರಡು ದಿನ ತೊಟ್ಟಿ ಮಬ್ಬಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಆರು ವಾರ ಎರಡೂ ಒಟ್ಟಿಗೆ ನಡೆಯಲಿ, ಅಷ್ಟು ದಿನ ಆಹಾರ ಅರ್ಧಕ್ಕೆ ಇಳಿಸಿ. ಆಮೇಲೂ ಹಳೆಯದನ್ನು ಮೂಲೆಗೆ ಎಸೆಯಬೇಡಿ, ಅದೇ ನಿಮ್ಮ ಎರಡನೆಯ ಫಿಲ್ಟರ್.